ಎಂಆರ್‌ಐ ಯಂತ್ರದೊಳಗೆ ಕಾಂತೀಯ ಬ್ಯಾಕ್ಟೀರಿಯಾಗಳಿಗೆ ಏನಾಗುತ್ತದೆ?

ಪ್ರಶ್ನೆ (ಎಂ.ಎಸ್ಸಿ. ವಿದ್ಯಾರ್ಥಿನಿ)

ಎಲ್ಲರಿಗೂ ನಮಸ್ಕಾರ. ಕೆಸರಿನಲ್ಲಿ ಬದುಕುತ್ತ, ಒಡಲೊಳಗೇ ಮ್ಯಾಗ್ನೆಟೈಟ್ (ಕಾಂತಗುಣವುಳ್ಳ ಕಬ್ಬಿಣದ ಆಕ್ಸೈಡ್) ಹರಳುಗಳನ್ನು ಬೆಳೆಸಿಕೊಂಡು ಭೂಮಿಯ ಕಾಂತಕ್ಷೇತ್ರದ ಗುಂಟ ಈಜುವ ಬ್ಯಾಕ್ಟೀರಿಯಾಗಳ ಬಗ್ಗೆ ಸೆಮಿನಾರ್ ಸಿದ್ಧಪಡಿಸುತ್ತಿದ್ದೇನೆ. ಎಂಆರ್‌ಐನಲ್ಲಿ ಇವುಗಳನ್ನು ಕಾಂಟ್ರಾಸ್ಟ್ ಆಗಿ, ಅಂದರೆ ಬೇಕಾದ ಭಾಗ ಚಿತ್ರದಲ್ಲಿ ಎದ್ದು ಕಾಣುವಂತೆ ಮಾಡುವ ವಸ್ತುವಾಗಿ ಬಳಸಬಹುದೆಂದು ಓದಿದೆ. 1.5 ಟೆಸ್ಲಾ ಯಂತ್ರದ ಕ್ಷೇತ್ರ ಭೂಮಿಯದಕ್ಕಿಂತ ಸುಮಾರು 30,000 ಪಟ್ಟು ಪ್ರಬಲ. ಅದರೊಳಗೆ ಇವೆಲ್ಲ ಒಂದೇ ಕಡೆ ಸೇರಿ ಗುಡ್ಡೆಯಾಗುವುದಿಲ್ಲವೇ? ಈ ಕೆಲಸಕ್ಕೆ ಗ್ಯಾಡೊಲಿನಿಯಂ ಲೋಹದ ಸಂಯುಕ್ತಗಳು ಬಳಕೆಯಲ್ಲಿರುವಾಗ ಇವುಗಳ ಅಗತ್ಯವಾದರೂ ಏನು?

ಉತ್ತರ 1 (ಭೌತಶಾಸ್ತ್ರ ಉಪನ್ಯಾಸಕ)

ಗುಡ್ಡೆಯಾಗುವುದಿಲ್ಲ. ಕಾಂತೀಯ ಕಣವನ್ನು ಎಳೆಯಬೇಕಾದರೆ ಕ್ಷೇತ್ರವು ಪ್ರಬಲವಾಗಿದ್ದರೆ ಸಾಲದು, ಅದು ಜಾಗದಿಂದ ಜಾಗಕ್ಕೆ ಬದಲಾಗುತ್ತಿರಬೇಕು. ಯಂತ್ರದ ನಡುಭಾಗದಲ್ಲಿ ಕ್ಷೇತ್ರ ಬಹುಮಟ್ಟಿಗೆ ಏಕರೂಪವಾಗಿರುವುದರಿಂದ ಬ್ಯಾಕ್ಟೀರಿಯಾ ದಿಕ್ಸೂಚಿಯ ಮುಳ್ಳಿನಂತೆ ತಿರುಗಿ ನಿಲ್ಲುತ್ತದೆ, ಅಷ್ಟೇ. ಸತ್ತ ಜೀವಕೋಶವೂ ಹಾಗೆಯೇ ನಿಲ್ಲುತ್ತದೆ. ಮುಂದಕ್ಕೆ ಸಾಗಿಸುವುದು ಬಾಲದಂಥ ಕಶಾಂಗದ ಕೆಲಸ.

ಚಿತ್ರದಲ್ಲಿ ಕಾಣುವುದಕ್ಕೆ ಕಾರಣ ಬೇರೆಯೇ ಇದೆ. 35ರಿಂದ 120 ನ್ಯಾನೊಮೀಟರ್ ಗಾತ್ರದ ಪ್ರತಿಯೊಂದು ಹರಳೂ ತನ್ನ ಸುತ್ತಲಿನ ಕ್ಷೇತ್ರವನ್ನು ತುಸು ಕದಡುತ್ತದೆ. ಹತ್ತಿರದ ನೀರಿನ ಪ್ರೋಟಾನುಗಳ ತಾಳ ತಪ್ಪಿ, ಅವುಗಳ ಸಂಕೇತ ಬೇಗ ಕುಗ್ಗುವುದರಿಂದ ಟಿ2 ಚಿತ್ರದಲ್ಲಿ (ಸಂಕೇತ ಕುಗ್ಗುವ ವೇಗವನ್ನು ಆಧರಿಸಿದ ಚಿತ್ರ) ಆ ಜಾಗ ಕಪ್ಪಾಗಿ ಮೂಡುತ್ತದೆ.

ಉತ್ತರ 2 (ರೇಡಿಯಾಲಜಿಸ್ಟ್)

ವೈದ್ಯರಿಗೆ ತೊಡಕಾಗುವುದು ಆ ಕಪ್ಪೇ. ಹಳೆಯ ರಕ್ತಸ್ರಾವ, ಕ್ಯಾಲ್ಸಿಯಂ, ಗಾಳಿ, ಎಲ್ಲವೂ ಕಪ್ಪಾಗಿಯೇ ಕಾಣುತ್ತವೆ. ಆದ್ದರಿಂದ 2009ರಲ್ಲಿ ಪ್ರಕಟವಾದ ಇಲಿಗಳ ಪ್ರಯೋಗವೊಂದು ನನಗೆ ಮುಖ್ಯವೆನಿಸುತ್ತದೆ. ಅದರಲ್ಲಿ ಎಎಂಬಿ-1 ತಳಿಯ ಕಾಂತೀಯ ಬ್ಯಾಕ್ಟೀರಿಯಾಗಳು ಕ್ಯಾನ್ಸರ್ ಗಡ್ಡೆಯಲ್ಲಿ ನೆಲೆಗೊಂಡು ಟಿ1 ಚಿತ್ರದಲ್ಲಿ (ಪ್ರೋಟಾನುಗಳು ಮೊದಲಿನ ಸ್ಥಿತಿಗೆ ಮರಳುವ ವೇಗವನ್ನು ಆಧರಿಸಿದ ಚಿತ್ರ) ಬೆಳ್ಳಗೆ ಕಂಡವು. ಗ್ಯಾಡೊಲಿನಿಯಂ ಬಗ್ಗೆ ಹೇಳುವುದಾದರೆ, ಮೂತ್ರಪಿಂಡ ತೀವ್ರವಾಗಿ ಕೆಟ್ಟವರಲ್ಲಿ ಅದರ ಕೆಲವು ಬಗೆಗಳು ಚರ್ಮವನ್ನು ಗಡುಸಾಗಿಸುವ ಕಾಯಿಲೆ ತರುತ್ತವೆಂಬುದು 2006ರಿಂದೀಚೆಗೆ ತಿಳಿದಿದೆ. ಕಬ್ಬಿಣವನ್ನಾದರೋ ದೇಹ ತಾನೇ ಬಳಸಿಕೊಳ್ಳುತ್ತದೆ.

ಉತ್ತರ 3 (ಸೂಕ್ಷ್ಮಜೀವಶಾಸ್ತ್ರ ಸಂಶೋಧಕಿ)

ರಾಸಾಯನಿಕವಾಗಿ ತಯಾರಿಸಿದ ಕಬ್ಬಿಣದ ಕಣಗಳಲ್ಲಿ ಗಾತ್ರ ಏರುಪೇರಾಗುತ್ತದೆ. ಇಲ್ಲಿ ಹರಳಿನ ಗಾತ್ರ, ಆಕಾರ ಎರಡನ್ನೂ ಜೀನ್‌ಗಳೇ ನಿಯಂತ್ರಿಸುತ್ತವೆ, ಮೇಲಾಗಿ ಪ್ರತಿ ಹರಳಿಗೂ ಲಿಪಿಡ್ (ಕೊಬ್ಬಿನ) ಪೊರೆಯ ಹೊದಿಕೆಯಿದೆ. ಜೀನ್ ತಿದ್ದುಪಡಿಯಿಂದ ಆ ಪೊರೆಯ ಮೇಲೆ ಗಡ್ಡೆಯ ಕೋಶಗಳನ್ನು ಗುರುತಿಸಿ ಅಂಟಿಕೊಳ್ಳುವ ಪೆಪ್ಟೈಡನ್ನೂ (ಪ್ರೋಟೀನಿನ ಪುಟ್ಟ ತುಣುಕು) ಕೂರಿಸಬಹುದು. ಆದರೆ ಇವು ಗ್ರಾಂ-ನೆಗೆಟಿವ್ ಬ್ಯಾಕ್ಟೀರಿಯಾಗಳು, ಹೊರಪೊರೆಯ ಲಿಪೊಪಾಲಿಸ್ಯಾಕರೈಡ್ ಎಂಬ ವಸ್ತು ರಕ್ತಕ್ಕೆ ಸೇರಿದರೆ ಜ್ವರವನ್ನೂ ಉರಿಯೂತವನ್ನೂ ಕೆರಳಿಸುತ್ತದೆ. ಆದ್ದರಿಂದಲೇ ಅನೇಕರು ಕೋಶವನ್ನು ಒಡೆದು, ಪೊರೆ ಹೊದ್ದ ಹರಳುಗಳಾದ ಮ್ಯಾಗ್ನೆಟೋಸೋಮ್‌ಗಳನ್ನಷ್ಟೇ ಅಯಸ್ಕಾಂತದಿಂದ ಬೇರ್ಪಡಿಸಿ, ಚೆನ್ನಾಗಿ ತೊಳೆದು ಬಳಸುತ್ತಾರೆ. ಬೆಳೆಸುವುದೂ ಸುಲಭವಲ್ಲ. ಆಮ್ಲಜನಕ ತುಸು ಹೆಚ್ಚಾದರೂ ಹರಳು ಕಟ್ಟುವುದು ನಿಂತು, ಕಪ್ಪಾಗಬೇಕಿದ್ದ ಕೋಶರಾಶಿ ಬಿಳಿಚಿಕೊಂಡೇ ಉಳಿಯುತ್ತದೆ.

ಪ್ರಶ್ನೆ ಕೇಳಿದವರು

ಮೂವರಿಗೂ ಧನ್ಯವಾದಗಳು. ಹಾಗಾದರೆ ಜೀವಂತ ಬ್ಯಾಕ್ಟೀರಿಯಾವನ್ನು ಗಡ್ಡೆಯವರೆಗೆ ನಡೆಸುವುದು ಹೇಗೆ, ಮೇಡಂ?

ಉತ್ತರ 3 (ಮುಂದುವರಿಕೆ)

ದುರ್ಬಲ ಕ್ಷೇತ್ರ ಸಾಕು. ಕೆನಡಾದ ಮಾಂಟ್ರಿಯಲ್‌ನಲ್ಲಿ ಸಿಲ್ವೇನ್ ಮಾರ್ಟೆಲ್ ಅವರ ತಂಡ ಎಂಸಿ-1 ಎಂಬ ತಳಿಯ ಕಾಂತೀಯ ಬ್ಯಾಕ್ಟೀರಿಯಾಗಳಿಗೆ ಔಷಧ ತುಂಬಿದ, ಕೊಬ್ಬಿನ ಪುಟ್ಟ ಚೀಲಗಳಾದ ಲಿಪೊಸೋಮ್‌ಗಳನ್ನು ಅಂಟಿಸಿ, ಇಲಿಗಳ ಗಡ್ಡೆಯ ಸಮೀಪ ಚುಚ್ಚಿ, ಕಾಂತಕ್ಷೇತ್ರದಿಂದ ಗಡ್ಡೆಯತ್ತ ದಿಕ್ಕು ತೋರಿಸಿತು. 2016ರ ವರದಿಯ ಪ್ರಕಾರ ಶೇಕಡಾ 55ರವರೆಗೂ ಬ್ಯಾಕ್ಟೀರಿಯಾಗಳು ಗಡ್ಡೆಯೊಳಗಿನ ಆಮ್ಲಜನಕ ಕಡಿಮೆಯಿರುವ ಭಾಗವನ್ನು ಹೊಕ್ಕವು. ದಿಕ್ಕನ್ನು ಕಾಂತಕ್ಷೇತ್ರ ತೋರಿಸುತ್ತದೆ, ನಿಲ್ಲುವ ತಾಣವನ್ನು ಆಮ್ಲಜನಕ ನಿರ್ಧರಿಸುತ್ತದೆ. ಕೆಸರಿನಲ್ಲಿಯೂ ಅವು ಬದುಕುವುದು ಹೀಗೆಯೇ. ಸೆಮಿನಾರಿನಲ್ಲಿ ಈ ಅಂಶವನ್ನು ವಿವರವಾಗಿಯೇ ಹೇಳಿ. ಸಾಧ್ಯವಾದರೆ ಕೆಸರುನೀರಿನ ಹನಿಯೊಂದನ್ನು ಸೂಕ್ಷ್ಮದರ್ಶಕದಡಿ ಇಟ್ಟು ಪಕ್ಕದಲ್ಲಿ ಅಯಸ್ಕಾಂತ ಹಿಡಿಯಿರಿ. ಇವು ಇದ್ದರೆ ಹನಿಯ ಒಂದು ಅಂಚಿಗೆ ಬಂದು ಸೇರುತ್ತವೆ, ಅಯಸ್ಕಾಂತವನ್ನು ತಿರುಗಿಸಿದೊಡನೆ ಎದುರು ಅಂಚಿಗೆ ಹೊರಡುತ್ತವೆ.