ಲ್ಯಾಂಡಿಂಗ್ ಲೈಟ್ ಹಾಕಿದ ಕೂಡಲೇ ಫ್ಯೂಯಲ್ ಗೇಜ್ ಮುಳ್ಳು ಸರಿಯುತ್ತದೆ: ವಿಮಾನದ ಗ್ರೌಂಡ್ ಪರೀಕ್ಷಿಸುವುದು ಹೇಗೆ?

ಹ್ಯಾಂಗರ್_ಕಲಿಕೆ:
28 ವೋಲ್ಟ್, ಸಿಂಗಲ್ ಎಂಜಿನ್, ಅಲ್ಯೂಮಿನಿಯಂ ಬಾಡಿಯ ಟ್ರೈನರ್ ವಿಮಾನ. 250 ವ್ಯಾಟಿನ ಲ್ಯಾಂಡಿಂಗ್ ಲೈಟ್ ಹಾಕಿದರೆ ಎರಡೂ ಫ್ಯೂಯಲ್ ಗೇಜ್‌ಗಳ ಮುಳ್ಳು ಒಟ್ಟಿಗೇ ಸರಿಯುತ್ತದೆ, ಆರಿಸಿದರೆ ಮತ್ತೆ ಸರಿಯಾಗುತ್ತದೆ. ಟ್ಯಾಂಕಿನಲ್ಲಿರುವ ಇಂಧನದ ಮಟ್ಟ ತಿಳಿಸುವ ಎರಡು ಸೆಂಡರ್ ಒಂದೇ ಸಲ ಕೆಟ್ಟಿರಲಾರದು, ಹಾಗಾಗಿ ಗ್ರೌಂಡ್ ಮೇಲೆ ಅನುಮಾನ. ಪ್ಯಾನೆಲ್ ಹಿಂದಿನ ಗ್ರೌಂಡ್ ಬ್ಲಾಕ್‌ನಿಂದ ಬಾಡಿಗೆ ಮಲ್ಟಿಮೀಟರ್ ಹಿಡಿದರೆ 0.2 ಓಮ್. ಪ್ರೋಬ್ ಎರಡನ್ನೂ ಒಂದಕ್ಕೊಂದು ಮುಟ್ಟಿಸಿದರೂ ಅದೇ 0.2. ಅಂದರೆ ಗ್ರೌಂಡ್ ಚೆನ್ನಾಗಿದೆ ಅಂತ ತಗೋಬಹುದಾ? ಬಾಂಡಿಂಗ್ (ಲೋಹದ ಭಾಗಗಳ ನಡುವಿನ ವಿದ್ಯುತ್ ಜೋಡಣೆ) 0.003 ಓಮ್ ಮೀರಬಾರದು ಅಂತ ಓದಿದ್ದೇನೆ. ಅಷ್ಟು ಸಣ್ಣದನ್ನು ಅಳೆಯೋದು ಯಾವುದರಲ್ಲಿ?

ಮಿಲಿಓಮ್:
ಆ 0.2 ಓಮ್ ನಿಮ್ಮ ಮೀಟರಿನ ವೈರುಗಳದ್ದೇ. ಅದರೊಳಗೆ 40–50 ಮಿಲಿಓಮ್‌ನ ದೋಷ ಅಡಗಿ ಕೂತರೂ ಕಾಣುವುದಿಲ್ಲ. ಮೀಟರ್ ಕಳಿಸುವ ಕರೆಂಟ್ ಕೂಡ ಬರೀ ಮಿಲಿಆಂಪ್ ಲೆಕ್ಕದ್ದು. ಮಿಲಿಓಮ್ ಅಳೆಯಲು ನಾಲ್ಕು ವೈರಿನ ಬಾಂಡಿಂಗ್ ಮೀಟರ್ ಬೇಕು: ಎರಡು ವೈರಿನಲ್ಲಿ ಕರೆಂಟ್ ಹೋಗುತ್ತದೆ, ಇನ್ನೆರಡು ಜಾಯಿಂಟಿನ ಮೇಲಿನ ವೋಲ್ಟೇಜನ್ನಷ್ಟೇ ನೋಡುತ್ತವೆ. ಟ್ಯಾಂಕಿನ ಹತ್ತಿರ ಬಳಸುವುದಾದರೆ ಕಿಡಿ ಹೊತ್ತಿಸದ ಸುರಕ್ಷತಾ ದರ್ಜೆಯ ಮೀಟರೇ ಆಗಬೇಕು.

ಆದರೆ ನಿಮ್ಮ ಕೆಲಸಕ್ಕೆ ಆ ಮೀಟರ್ ಬೇಡ. ಇಲ್ಲಿ ಬಾಡಿಯೇ ನೆಗೆಟಿವ್ ವೈರು. ಬೈಕಿನ ಬಾಡಿ ಅರ್ತ್ ಇದ್ದ ಹಾಗೆ. ದೀಪದ 9 ಆಂಪ್ ಬ್ಯಾಟರಿಗೆ ಮರಳುವ ದಾರಿಯಲ್ಲಿ ಯಾವ ಜಾಯಿಂಟ್ ಕೆಟ್ಟಿದೆಯೋ ಅದರ ಎರಡು ಬದಿಯಲ್ಲಿ ವೋಲ್ಟೇಜ್ ಕಾಣಲೇಬೇಕು. 3 ಮಿಲಿಓಮ್ ಇದ್ದರೆ 27 ಮಿಲಿವೋಲ್ಟ್, ಗೇಜ್‌ಗೆ ಗೊತ್ತೇ ಆಗದು. 50 ಮಿಲಿಓಮ್ ಇದ್ದರೆ 0.45 ವೋಲ್ಟ್, ಮುಳ್ಳು ಸರಿಯಲು ಧಾರಾಳ.

ಎಂಜಿನ್ ಬಂದ್ ಇರಲಿ, ಮಾಸ್ಟರ್ ಸ್ವಿಚ್ ಆನ್ ಮಾಡಿ. ಮೀಟರ್ ಡಿಸಿ ವೋಲ್ಟ್‌ನಲ್ಲಿ. ಕಪ್ಪು ಪ್ರೋಬ್ ಬ್ಯಾಟರಿಯ ನೆಗೆಟಿವ್ ಪೋಸ್ಟ್ ಮೇಲೆ, ಕ್ಲ್ಯಾಂಪ್ ಮೇಲಲ್ಲ. ಕ್ಲ್ಯಾಂಪೇ ಕೆಟ್ಟಿದ್ದರೆ ತಪ್ಪಿಹೋಗುತ್ತದೆ. ದೀಪ ಹಾಕಿ, ಕೆಂಪು ಪ್ರೋಬನ್ನು ಗ್ರೌಂಡ್ ಬ್ಲಾಕಿಗೆ ಹಿಡಿದು ಓದಿ. ಆಮೇಲೆ ಬ್ಲಾಕಿನ ವೈರು ಬಾಡಿಗೆ ಸೇರುವ ಲಗ್ (ವೈರಿನ ತುದಿಯ ಲೋಹದ ಬಳೆ) ಮೇಲೆ, ಕೊನೆಗೆ ಆ ಲಗ್ ಪಕ್ಕದ ಬರಿ ಲೋಹದ ಮೇಲೆ. ಎಲ್ಲಿ ವೋಲ್ಟೇಜ್ ದಿಢೀರನೆ ಬೀಳುತ್ತದೋ ದೋಷ ಅಲ್ಲೇ. ಗಾಳಿ ಬೀಸದೆ ನಿಂತಿರುವಾಗ ದೀಪ ಬಹಳ ಕಾಯುತ್ತದೆ, ಒಂದೊಂದು ಸಲಕ್ಕೆ ಕೆಲವೇ ಸೆಕೆಂಡು ಹಾಕಿ.

ಅಮೆರಿಕದ ವಿಮಾನಯಾನ ನಿಯಂತ್ರಕ ಎಫ್ಎಎಯ ಸಲಹಾ ಪತ್ರ ಎಸಿ 43.13-1ಬಿ ಪ್ರಕಾರ 28 ವೋಲ್ಟ್ ವ್ಯವಸ್ಥೆಯಲ್ಲಿ ಸದಾ ಉರಿಯುವ ಲೋಡಿಗೆ 1 ವೋಲ್ಟ್, ಆಗಾಗ ಹಾಕುವುದಕ್ಕೆ 2 ವೋಲ್ಟ್ ಡ್ರಾಪ್ ಒಪ್ಪಿಗೆ. ಅದನ್ನು ನೋಡಿ "0.4 ಇದೆಯಲ್ಲ, ಪಾಸ್" ಅನ್ನಬೇಡಿ. ಆ ಲೆಕ್ಕದಲ್ಲಿ ಬಾಡಿಯ ಮೂಲಕ ಮರಳುವ ದಾರಿಯ ಪಾಲು ಹೆಚ್ಚುಕಡಿಮೆ ಸೊನ್ನೆ ಅಂತಲೇ ಹಿಡಿದಿದೆ.

ಹ್ಯಾಂಗರ್_ಕಲಿಕೆ:
ದೀಪ ಹಾಕಿದಾಗ: ಬ್ಲಾಕ್ 0.41, ಲಗ್ 0.40, ಪಕ್ಕದ ರಿವೆಟ್ ತಲೆಯ ಪೇಂಟ್ ಕೆರೆದು ಹಿಡಿದರೆ 0.02 ವೋಲ್ಟ್.

ತಗಡು_ಕೆಲಸ:
ಹಾಗಾದ್ರೆ ಲಗ್ಗಿಗೂ ತಗಡಿಗೂ ನಡುವೆಯೇ 0.38 ವೋಲ್ಟ್. 9 ಆಂಪ್‌ಗೆ ಸುಮಾರು 42 ಮಿಲಿಓಮ್, ಮೂರೂವರೆ ವ್ಯಾಟ್ ಶಾಖ ಲಗ್ ಬಿಗಿಯುವ ಆ ಸ್ಟಡ್ ಬೋಲ್ಟಲ್ಲೇ ಹುಟ್ತಿದೆ. ಬಿಚ್ಚಿದಾಗ ಲಗ್ ಅಡಿ ಬಿಳಿ ಪುಡಿ ಅಥವಾ ಕಪ್ಪು ಕಲೆ ಇರ್ಬೇಕು. ನಟ್ ಇನ್ನಷ್ಟು ಬಿಗಿ ಮಾಡಿ ಬಿಟ್ಬಿಡಬೇಡಿ, ನಾಲ್ಕು ದಿನ ಸರಿಯಿದ್ದು ಮತ್ತೆ ಶುರುವಾಗುತ್ತೆ.

ಬ್ಯಾಟರಿ ಕಳಚಿ. ಸ್ಟಡ್ ಸುತ್ತ ಲಗ್‌ಗಿಂತ ಮೂರು ಮಿಲಿಮೀಟರ್ ದೊಡ್ಡದಾಗಿ ಪೇಂಟ್, ಪ್ರೈಮರ್, ಆನೋಡೈಸ್ ಮೂರೂ ತೆಗೀರಿ. ಆನೋಡೈಸ್ ಪದರ ಕಣ್ಣಿಗೆ ಲೋಹದ ಹಾಗೇ ಕಾಣುತ್ತೆ, ಆದರೆ ಅದು ಅಲ್ಯೂಮಿನಿಯಂ ಆಕ್ಸೈಡ್, ಪಕ್ಕಾ ಇನ್ಸುಲೇಟರ್. ಉಜ್ಜೋಕೆ ಸ್ಕಾಚ್‌ಬ್ರೈಟ್ ಥರದ ನಾರಿನ ಪ್ಯಾಡ್ ಬಳಸಿ. ಸ್ಟೀಲ್ ವೂಲ್ ಖಂಡಿತ ಬೇಡ, ಅದರ ಚೂರು ಅಲ್ಯೂಮಿನಿಯಂ ಒಳಗೆ ಕೂತು ಅಲ್ಲಿಂದಲೇ ತಿನ್ನೋಕೆ ಶುರು ಮಾಡುತ್ತೆ. ಸಾಲ್ವೆಂಟ್‌ನಲ್ಲಿ ಒರೆಸಿ, ಅಲೋಡೈನ್ ತೆಳುವಾಗಿ ಹಚ್ಚಿ. ಅಲೋಡೈನ್ ತುಕ್ಕು ತಡೆಯುತ್ತೆ, ಕರೆಂಟ್ ಬಿಡುತ್ತೆ.

ಲಗ್ ತವರ ಲೇಪಿಸಿದ ತಾಮ್ರದ್ದಾಗಿರಲಿ. ಬರೀ ತಾಮ್ರ ಅಲ್ಯೂಮಿನಿಯಂ ಮೇಲೆ ಕೂತು ತೇವ ಸೇರಿದರೆ ತಿಂದುಹೋಗೋದು ಅಲ್ಯೂಮಿನಿಯಮ್ಮೇ. ಡ್ರಾಯಿಂಗ್ ಬೇರೆ ಹೇಳದ ಹೊರತು ಲಗ್ ನೇರವಾಗಿ ತಗಡಿನ ಮೇಲೆ ಕೂರ್ಬೇಕು, ವಾಷರ್ ಲಗ್ ಮೇಲೆ. ಸ್ಟಾರ್ ವಾಷರ್ ಪೇಂಟ್ ಕೊರೆದು ಹಿಡ್ಕೊಳ್ಳುತ್ತೆ ಅನ್ನೋ ನಂಬಿಕೆ ವಿಮಾನದಲ್ಲಿ ನಡೆಯಲ್ಲ. ಒಂದು ಸ್ಟಡ್ಡಿಗೆ ನಾಲ್ಕು ಲಗ್ ದಾಟಬಾರದು, ದಪ್ಪ ವೈರಿನದು ಅಡಿಯಲ್ಲಿ. 10-32 ಅಳತೆಯ ಸ್ಟಡ್ ಆದರೆ ನಟ್ಟಿನ ಮಾಮೂಲು ಟಾರ್ಕ್ 20–25 ಇಂಚ್-ಪೌಂಡ್. ಮೆಯಿಂಟೆನೆನ್ಸ್ ಮ್ಯಾನುಯಲ್‌ನಲ್ಲಿ ಬೇರೆ ಇದ್ದರೆ ಅದೇ ಅಂತಿಮ. ಬಿಗಿ ಮಾಡಿ, ಮತ್ತೆ ಅಳೆದು, ಆಮೇಲೆ ಹೊರಗಿಂದ ಸೀಲ್ ಮಾಡಿ. ಮೊದಲೇ ಸೀಲಂಟ್ ಬಳಿದು ಆಮೇಲೆ ಬಿಗಿ ಮಾಡಿದ ಜಾಯಿಂಟ್‌ಗಳೂ ಸಿಗ್ತವೆ, ಹೇಳಿ ಪ್ರಯೋಜನ ಇಲ್ಲ.

ಕಾರ್ಬನ್‌ಕೋಟೆ:
0.003ರ ಬಗ್ಗೆ ಒಂದು ಮಾತು. ಅದು ಎಲ್ಲ ಜಾಯಿಂಟಿಗೂ ಒಂದೇ ಗೆರೆಯಲ್ಲ. ಬರೀ ಸ್ಥಾಯೀವಿದ್ಯುತ್ ಹರಿದುಹೋದರೆ ಸಾಕು ಅನ್ನುವ ಭಾಗಕ್ಕೆ 1 ಓಮ್ ಕೂಡ ನಡೆಯುತ್ತದೆ. ರೇಡಿಯೋ ತರಂಗಕ್ಕೆ ಹಳೆಯ ಮಿಲಿಟರಿ ಮಾನದಂಡದಲ್ಲಿ 2.5 ಮಿಲಿಓಮ್ ಇತ್ತು. ಸಿಡಿಲಿನ ವಿಷಯಕ್ಕೆ ಬಂದರೆ ಓಮ್‌ಗಿಂತ ಜಂಪರಿನ (ಎರಡು ಭಾಗಗಳನ್ನು ಜೋಡಿಸುವ ಬಾಂಡಿಂಗ್ ವೈರಿನ) ಉದ್ದ ಮುಖ್ಯ. ಪ್ರಮಾಣಿತ ಪರೀಕ್ಷೆಯ ಮೊದಲ ಹೊಡೆತವೇ 2 ಲಕ್ಷ ಆಂಪ್, ಅದೂ ಮೈಕ್ರೋಸೆಕೆಂಡುಗಳಲ್ಲಿ ಏರುವಂಥದ್ದು; ಉದ್ದ ಬಿಟ್ಟು ಸುರುಳಿ ಸುತ್ತಿದ ಜಂಪರಿನ ಇಂಡಕ್ಟೆನ್ಸ್ ಅದನ್ನು ತಡೆದು ಕಿಡಿಯನ್ನು ಹಿಂಜ್ ಬೇರಿಂಗ್ ಕಡೆಗೆ ತಳ್ಳುತ್ತದೆ. ಹಾಗಂತ ಚಲನೆಗೆ ಬೇಕಾದ ಸಡಿಲ ಬಿಡದೆ ಇರುವಂತಿಲ್ಲ.

ಮೇಲೆ ಹೇಳಿದ್ದೆಲ್ಲ ಲೋಹದ ಬಾಡಿಗೆ. ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನ ಹಂಸದಂಥ ಕಾಂಪೋಸಿಟ್ (ನಾರು ಮತ್ತು ರಾಳದ) ವಿಮಾನದಲ್ಲಿ ಬಾಡಿಯನ್ನು ನೆಗೆಟಿವ್ ಎಂದು ನಂಬುವಂತಿಲ್ಲ, ಪ್ರತಿ ಲೋಡಿಗೂ ಮರಳುವ ವೈರು ಬೇಕು. ಗ್ಲಾಸ್ ಫೈಬರ್ ಇನ್ಸುಲೇಟರ್. ಕಾರ್ಬನ್ ಫೈಬರ್ ಕರೆಂಟ್ ಬಿಡುತ್ತದೆ, ಆದರೆ ಅದರ ತಡೆ ಅಲ್ಯೂಮಿನಿಯಮ್ಮಿಗಿಂತ ಸಾವಿರ ಪಟ್ಟಿಗೂ ಹೆಚ್ಚು. ಬೋಯಿಂಗ್ 787ರಲ್ಲಿ ಇದಕ್ಕೆಂದೇ ಕರೆಂಟ್ ರಿಟರ್ನ್ ನೆಟ್‌ವರ್ಕ್ ಎಂಬ ಲೋಹದ ಜಾಲ ಹಾಕಿದ್ದಾರೆ, ಏರ್‌ಬಸ್ ಎ350ರಲ್ಲಿ ಅದೇ ಕೆಲಸಕ್ಕೆ ಎಲೆಕ್ಟ್ರಿಕಲ್ ಸ್ಟ್ರಕ್ಚರ್ ನೆಟ್‌ವರ್ಕ್ ಇದೆ.

ಹ್ಯಾಂಗರ್_ಕಲಿಕೆ:
ಬಿಳಿ ಪುಡಿ ಇತ್ತು, ಅಡಿಯಲ್ಲಿ ಪ್ರೈಮರ್ ಕೂಡ. ಸ್ವಚ್ಛ ಮಾಡಿ ಕೂರಿಸಿದ ಮೇಲೆ ಬ್ಲಾಕ್‌ನಲ್ಲಿ 0.03 ವೋಲ್ಟ್, ಮುಳ್ಳು ಅಲುಗುತ್ತಿಲ್ಲ. ಆದರೆ ಹೆಡ್‌ಸೆಟ್ಟಿನಲ್ಲಿ ಒಂದು ಸಣ್ಣ ಕುಯ್ಯ್ ಸದ್ದು ಹಾಗೇ ಇದೆ, ಆರ್‌ಪಿಎಂ ಜೊತೆ ಏರುತ್ತದೆ.

ಮಿಲಿಓಮ್:
ಅದು ಆಲ್ಟರ್ನೇಟರ್ ಸದ್ದು. ಮೊದಲು ಹೆಡ್‌ಫೋನ್ ಮತ್ತು ಮೈಕ್ ಜ್ಯಾಕ್ ನೋಡಿ. ಜ್ಯಾಕಿನ ಫೈಬರ್ ವಾಷರ್ ಒಡೆದು ಬ್ಯಾರಲ್ ಪ್ಯಾನೆಲ್ ಲೋಹಕ್ಕೆ ತಾಗಿದ್ದರೆ ಆಡಿಯೋಗೆ ಎರಡು ಕಡೆ ಗ್ರೌಂಡ್ ಆಗಿ ಲೂಪ್ ಆಗುತ್ತದೆ. ಆಡಿಯೋ ವೈರಿನ ಶೀಲ್ಡ್ (ಸುತ್ತಲಿನ ಲೋಹದ ಹೊದಿಕೆ) ಒಂದೇ ತುದಿಯಲ್ಲಿ, ಆಡಿಯೋ ಪ್ಯಾನೆಲ್ ಕಡೆ ಮಾತ್ರ ಗ್ರೌಂಡ್ ಆಗಿರಬೇಕು.

ಕಾರ್ಬನ್‌ಕೋಟೆ:
ಆಡಿಯೋಗೆ ಮಾತ್ರ ಅದು ಸರಿ. ಸಿಡಿಲಿನಿಂದ ಕಾಯಬೇಕಾದ ವೈರುಗಳ ಹೊರ ಶೀಲ್ಡನ್ನು ಎರಡೂ ತುದಿಯಲ್ಲಿ ಕನೆಕ್ಟರಿನ ಹಿಂಬದಿಯ ಕವಚವಾದ ಬ್ಯಾಕ್‌ಶೆಲ್ ಸುತ್ತ ಪೂರ್ತಿ ಹಿಡಿಸುತ್ತಾರೆ. ಒಂದು ತುದಿ ಬಿಟ್ಟರೆ ಆ ರಕ್ಷಣೆ ಹೋದಂತೆಯೇ.

ತಗಡು_ಕೆಲಸ:
ಕೌಲಿಂಗ್ (ಎಂಜಿನ್ ಮುಚ್ಚಳ) ತೆಗೆದಾಗ ಎಂಜಿನ್ನನ್ನು ಬಾಡಿಗೆ ಗ್ರೌಂಡ್ ಮಾಡೋ ಸ್ಟ್ರ್ಯಾಪ್ ಕೂಡ ನೋಡಿ. ಎಂಜಿನ್ ರಬ್ಬರ್ ಮೌಂಟ್ ಮೇಲೆ ಕೂತಿರುತ್ತೆ. ಸ್ಟ್ರ್ಯಾಪ್ ತುಂಡಾದರೆ ಸ್ಟಾರ್ಟರಿನ ನೂರಾರು ಆಂಪ್ ಥ್ರಾಟಲ್, ಮಿಕ್ಸ್ಚರ್ ಕೇಬಲ್ ಹಿಡಿದು ವಾಪಸ್ ಬರುತ್ತೆ, ಕೇಬಲ್ ಕಾದು ಹಿಡ್ಕೊಳ್ಳುತ್ತೆ. ಕ್ರ್ಯಾಂಕ್ ಮಾಡುವಾಗ ಎಂಜಿನ್ ಕೇಸಿನಿಂದ ಬ್ಯಾಟರಿ ನೆಗೆಟಿವ್‌ಗೆ ಅರ್ಧ ವೋಲ್ಟ್ ಮುಟ್ಟಿದರೂ ಸ್ಟ್ರ್ಯಾಪ್ ಬಿಚ್ಚಿ ನೋಡ್ಬೇಕು.

ಎಂಜಿನ್ನಿಗೆ ಕಿಡಿ ಕೊಡುವ ಮ್ಯಾಗ್ನೆಟೋದ ವೈರಿನ ಹತ್ತಿರ ಕೈ ಹಾಕುವಾಗ ನೆನಪಿರಲಿ: ಅಲ್ಲಿ ಗ್ರೌಂಡ್ ಆದರೆ ಆಫ್, ಗ್ರೌಂಡ್ ತಪ್ಪಿದರೆ ಆನ್. ಪಿ-ಲೀಡ್ (ಅದನ್ನು ಗ್ರೌಂಡ್ ಮಾಡುವ ವೈರು) ಕಳಚಿದ್ದರೆ ಕೀ ನಿಮ್ಮ ಜೇಬಲ್ಲಿದ್ದರೂ ಪ್ರೊಪೆಲರ್ ತಿರುಗಿಸಬೇಡಿ.