ಕ್ಯೂಜಿಐಎಸ್ ಪ್ಲಗಿನ್ ಬಾಕ್ಸ್‌ನಲ್ಲಿ 30*0.3048 ಅಂತ ಹೊಡೆದರೆ ಲೆಕ್ಕ ಆಗಬೇಕು, ಹೇಗೆ?

ಯಲಹಂಕ_ನಕ್ಷೆ:
ನಮ್ಮ ಆಫೀಸಿಗೆ ಬರುವ ಸೈಟುಗಳೆಲ್ಲ ಅಡಿ ಲೆಕ್ಕ. 30-40, 40-60, ಮೂಲೆ ಸೈಟಾದರೆ 37 ಅಡಿ 6 ಇಂಚು ಅಂತ ಏನೋ ಒಂದು. ನಕ್ಷೆ ಮಾತ್ರ ಮೀಟರಿನಲ್ಲಿ (1 ಅಡಿ = 0.3048 ಮೀಟರ್). ಉದ್ದ, ಅಗಲ ಕೊಟ್ಟರೆ ಸೈಟ್ ಎಳೆಯುವ ಚಿಕ್ಕ ಪ್ಲಗಿನ್ ಒಂದನ್ನು ಕ್ಯೂಜಿಐಎಸ್ ಅನ್ನುವ ನಕ್ಷೆ ಸಾಫ್ಟ್‌ವೇರ್‌ಗೆ ಪೈಥಾನ್‌ನಲ್ಲಿ ಬರೆದಿದ್ದೇನೆ. ನಮ್ಮ ಡ್ರಾಫ್ಟ್ಸ್‌ಮನ್ ಕ್ಯಾಲ್ಕುಲೇಟರ್ ಮುಟ್ಟುವವರಲ್ಲ. ಬಾಕ್ಸ್‌ನಲ್ಲೇ (37+6/12)*0.3048 ಅಂತ ಹೊಡೆದು ಎಂಟರ್ ಒತ್ತುತ್ತಾರೆ. 3ಡಿ ಸಾಫ್ಟ್‌ವೇರ್ ಬ್ಲೆಂಡರ್‌ನಲ್ಲಿ ಆಗುತ್ತದೆ, ಇಲ್ಲಿ ಯಾಕಾಗಲ್ಲ ಅಂತ ನನ್ನನ್ನೇ ಕೇಳುತ್ತಾರೆ! ನನ್ನದು ಬರೀ ಲೈನ್ ಎಡಿಟ್, ಅಂದರೆ ಅಕ್ಷರ ಹೊಡೆಯುವ ಸಾದಾ ಬಾಕ್ಸ್. ಹೊಡೆದದ್ದನ್ನು ಸಂಖ್ಯೆ ಮಾಡಲು ಫ್ಲೋಟ್‌ಗೆ ಕೊಟ್ಟ ತಕ್ಷಣ ವ್ಯಾಲ್ಯೂ ಎರರ್. ಪೈಥಾನ್‌ನ ಇವ್ಯಾಲ್ ಹಾಕಿ ಮುಗಿಸಿಬಿಡಲಾ?

ಕೋಡ್_ಕಾಫಿ:
ಇವ್ಯಾಲ್ ಬೇಡ ಸಾರ್. ಅದು ಲೆಕ್ಕ ಮಾತ್ರ ಮಾಡುವುದಿಲ್ಲ, ಕೊಟ್ಟ ಪೈಥಾನ್ ಎಕ್ಸ್‌ಪ್ರೆಶನ್ ಯಾವುದಿದ್ದರೂ ಓಡಿಸುತ್ತದೆ. ಫೈಲ್ ಅಳಿಸುವುದೂ ಅದರಲ್ಲಿ ಬಂತು. 9**9**9 ಅಂತ ಹೊಡೆದರೆ ಕ್ಯೂಜಿಐಎಸ್ ಅಲ್ಲೇ ನಿಂತುಬಿಡುತ್ತದೆ.

ಯಲಹಂಕ_ನಕ್ಷೆ:
ಟೈಪ್ ಮಾಡುವವರು ನಮ್ಮವರೇ, ಅವರದೇ ಕಂಪ್ಯೂಟರ್. ಇಷ್ಟು ಹೆದರಬೇಕಾ?

ಕೋಡ್_ಕಾಫಿ:
ಇವತ್ತು ಅವರೇ. ನಾಳೆ ಆ ಬಾಕ್ಸ್‌ನ ಲೆಕ್ಕವನ್ನು ಸೆಟ್ಟಿಂಗ್ಸ್ ಫೈಲಿನಿಂದ ಓದಿಸುತ್ತೀರಿ, ಆ ಫೈಲ್ ವಾಟ್ಸಾಪ್‌ನಲ್ಲಿ ಎಲ್ಲಿಂದಲೋ ಬರುತ್ತದೆ. ಆಗ?

ಜಿಐಎಸ್_ಜಯನಗರ:
ಇಷ್ಟೆಲ್ಲ ಯಾಕೆ? ಲೈನ್ ಎಡಿಟ್ ತೆಗೆದು ಕ್ಯೂಜಿಎಸ್ ಡಬಲ್ ಸ್ಪಿನ್ ಬಾಕ್ಸ್ ಹಾಕಿ. ಕ್ಯೂಟಿಯ (ಬಾಕ್ಸ್, ಬಟನ್ ಕೊಡುವ ಲೈಬ್ರರಿ) ಮಾಮೂಲಿ ಸ್ಪಿನ್ ಬಾಕ್ಸ್ ಅಲ್ಲ, ಕ್ಯೂಜಿಐಎಸ್‌ನದೇ ಬೇರೆ ಇದೆ. ಅದರಲ್ಲಿ ಲೆಕ್ಕ ಹೊಡೆದು ಎಂಟರ್ ಒತ್ತಿದರೆ ಉತ್ತರ ಕೂರುತ್ತದೆ. ಡೆಸಿಮಲ್ಸ್ ಮಾತ್ರ ಜಾಸ್ತಿ ಮಾಡಿ. 2 ಅಂಕಿ ಇಟ್ಟರೆ ನಿಮ್ಮ 9.144 ಮೀಟರ್ 9.14 ಆಗುತ್ತದೆ. ಮ್ಯಾಕ್ಸಿಮಮ್ ಕೂಡ ಏರಿಸಿ. ಕ್ಯೂಟಿ ಸುಮ್ನೆ 99.99ಕ್ಕೆ ನಿಲ್ಲಿಸಿರುತ್ತದೆ.

ಯಲಹಂಕ_ನಕ್ಷೆ:
ಆಯಿತು, ಥ್ಯಾಂಕ್ಸ್! ಅವರಿಗೆ ತೋರಿಸಿದೆ. ಈಗ 37'6" ಅಂತಲೇ ಹೊಡೆಯಬೇಕಂತೆ.

ಜಿಐಎಸ್_ಜಯನಗರ:
ಕೇಳಿಯೇ ಕೇಳುತ್ತಾರೆ ಅಲ್ವಾ! ಸ್ಪಿನ್ ಬಾಕ್ಸ್‌ಗೆ ಅದು ಅರ್ಥ ಆಗುವುದಿಲ್ಲ. ಹಾಗಾದರೆ ಲೈನ್ ಎಡಿಟನ್ನೇ ಇಟ್ಟುಕೊಳ್ಳಿ. ಮೊದಲು ರೆಜೆಕ್ಸ್‌ನಿಂದ (ಅಕ್ಷರದ ಮಾದರಿ ಹುಡುಕಿ ಬದಲಿಸುವ ವಿಧಾನ) 37'6" ಅನ್ನು ((37+6/12)*0.3048) ಮಾಡಿ. ಆಮೇಲೆ ಆ ಸಾಲನ್ನು ಕ್ಯೂಜಿಐಎಸ್‌ನದೇ ಲೆಕ್ಕದ ಕ್ಲಾಸ್ ಆದ ಕ್ಯೂಜಿಎಸ್ ಎಕ್ಸ್‌ಪ್ರೆಶನ್‌ಗೆ ಕೊಟ್ಟು ಇವ್ಯಾಲ್ಯುಯೇಟ್ ಮಾಡಿಸಿ. ಪಾರ್ಸರ್ ಎರರ್ ಇದ್ದರೆ (ಹೊಡೆದದ್ದು ಅದಕ್ಕೆ ಅರ್ಥ ಆಗದಿದ್ದರೆ) ಬಾಕ್ಸ್ ಕೆಂಪಾಗಲಿ, ಹಳೆ ಸಂಖ್ಯೆ ಹಾಗೇ ಇರಲಿ. ಇದನ್ನು ಪ್ರತಿ ಅಕ್ಷರಕ್ಕೂ ಬರುವ ಟೆಕ್ಸ್ಟ್ ಚೇಂಜ್ಡ್ ಸಿಗ್ನಲ್‌ಗೆ ಕಟ್ಟಬೇಡಿ. "30*" ಅಂತ ಅರ್ಧ ಹೊಡೆದಾಗಲೇ ಎರರ್ ಕೂಗುತ್ತದೆ. ಹೊಡೆದು ಮುಗಿಸಿದ ಮೇಲೆ ಬರುವ ಎಡಿಟಿಂಗ್ ಫಿನಿಶ್ಡ್ ಸರಿ. ಇನ್ನೊಂದು, ಇಲ್ಲಿ 3^2 ಅಂದರೆ 9. ಪೈಥಾನ್‌ನಲ್ಲಿ ಅದೇ 1 ಬರುತ್ತದೆ, ಎರರ್ ಕೂಡ ತೋರಿಸುವುದಿಲ್ಲ.