ಧಾರಾವಾಹಿಯ ಶೀರ್ಷಿಕೆ ಗೀತೆ: ಟ್ಯೂನ್‌ಗೆ ಪದ ಕೂರುತ್ತಿಲ್ಲ

ಪ್ರಶ್ನೆ
ಟ್ಯೂನ್ ಮೊದಲು ಬಂದಿದೆ, ಒಟ್ಟು 60 ಸೆಕೆಂಡು. ಪಲ್ಲವಿ ‘ತಾನ ತಾನ ತನನ ತಾನ’, ಮೂರು ಮಾತ್ರೆಯ ನಡೆ, ಸಾಲಿಗೆ 4 ಸೆಕೆಂಡು. ಮಾತ್ರೆ ಎಣಿಸಿಯೇ ಬರೆದರೂ ಹಾಡುವಾಗ ಎಡವುತ್ತದೆ. ಎಲ್ಲಿ ತಪ್ಪು? ಹಾಡುವವರು ಮುಂಬೈ ಗಾಯಕಿ. ಕರಾರಿನಲ್ಲಿ ‘ಒಂದೇ ಸಂಭಾವನೆ, ಮುಂದೆ ರಾಯಲ್ಟಿ ಇಲ್ಲ’ ಎಂದಿದೆ; ಸಹಿ ಹಾಕಬಹುದೇ?

ಉತ್ತರ 1
ಮಾತ್ರೆ ಸರಿಯಿದ್ದರೆ ಸಾಲದು, ಅಕ್ಷರವೂ ಸ್ವರದ ಮೇಲೆಯೇ ಬೀಳಬೇಕು. ‘ತನನ’ ಅಂದರೆ ಮೂರು ಸ್ವರ, ಮೂರು ಲಘು. ಅಲ್ಲಿ ‘ಮುತ್ತು’ ಇಟ್ಟರೆ ಛಂದಸ್ಸಿನ ಲೆಕ್ಕಕ್ಕೆ ಮೂರೇ ಮಾತ್ರೆ, ಅಕ್ಷರ ಮಾತ್ರ ಎರಡು. ‘ತ್’ ಮೇಲೆ ಸ್ವರ ಎಳೆಯಲು ಬರುವುದಿಲ್ಲ, ಹಾಗಾಗಿ ಬಾಯಿ ತಾನಾಗಿ ‘ಮೂತು’ ಎನ್ನುತ್ತದೆ. ‘ತಾನ’ ಇರುವಲ್ಲೂ ಅದೇ ಕಾಟ: ಒತ್ತಕ್ಷರದ ಗುರು ಬೇಡ, ದೀರ್ಘವೇ ಬೇಕು. ಸೊನ್ನೆಯಿದ್ದರೆ ಮೂಗಿನಲ್ಲಿ ಗುನುಗಿ ನಿಭಾಯಿಸಬಹುದು. ‘ದೂರ ತೀರ ಕರೆವ ವೇಳೆ’ ಎಂದು ಹಾಡಿ ನೋಡಿ, ಎಲ್ಲೂ ತಡೆಯುವುದಿಲ್ಲ. ತಾರಸ್ಥಾಯಿಗೆ ಏರುವಲ್ಲಿ ‘ಆ’ಕಾರ ಇಡಿ, ‘ಈ’, ‘ಊ’ ದನಿಯನ್ನು ಹಿಂಡುತ್ತವೆ.

ಹಂಸಲೇಖ ಅವರಂತೆ ಸಾಹಿತ್ಯ, ಸಂಗೀತ ಎರಡೂ ಒಬ್ಬರದೇ ಆದರೆ ಪದಕ್ಕಾಗಿ ಸ್ವರವನ್ನೇ ಬಾಗಿಸಬಹುದು. ಇಲ್ಲದಿದ್ದರೂ ಒಳ್ಳೆಯ ಪದ ಸಿಕ್ಕಾಗ ಒಂದು ಸ್ವರ ಸಡಿಲಿಸಿ ಎಂದು ಸಂಗೀತ ನಿರ್ದೇಶಕರನ್ನು ಧೈರ್ಯವಾಗಿ ಕೇಳಿ.

ಉತ್ತರ 2
ಸೆಕೆಂಡಿನ ಲೆಕ್ಕ ಮೊದಲು ಹಾಕಿಕೊಳ್ಳಿ. ಆರಂಭದ ವಾದ್ಯಕ್ಕೆ 12, ಮುಕ್ತಾಯಕ್ಕೆ 8 ಕಳೆದರೆ 40 ಸೆಕೆಂಡು, ಅಂದರೆ ಹತ್ತು ಸಾಲು. ಎರಡು ಸಾಲಿನ ಪಲ್ಲವಿ ಮೂರು ಸಲ ಬಂದರೆ ಚರಣಕ್ಕೆ ಉಳಿಯುವುದು ನಾಲ್ಕೇ. ಗೀತೆಯನ್ನು ಮೊಟಕುಗೊಳಿಸಿದಾಗ ಪಲ್ಲವಿಯಷ್ಟೇ ಉಳಿಯುತ್ತದೆ. ಧಾರಾವಾಹಿಯ ಹೆಸರು ಅಲ್ಲೇ ಬರಲಿ.

ಗಾಯಕಿಗೆ ದೇವನಾಗರಿಯಲ್ಲಿ ಬರೆದುಕೊಡುವಾಗ ಎಚ್ಚರ. ಹಿಂದಿ ಬರಹದಲ್ಲಿ ಹ್ರಸ್ವ ಎ, ಒ ಇಲ್ಲ. ‘ಮನಸು ಕೊಡು’ ಹೋಗಿ ‘ಮನಸು ಕೋಡು’ ಆಗುತ್ತದೆ, ‘ಬೆಳೆ’ ‘ಬೇಳೆ’ ಆಗುತ್ತದೆ. ಅಂಥ ಅಕ್ಷರಗಳ ಸುತ್ತ ಕೆಂಪು ಗುರುತು ಹಾಕಿ, ನಿಧಾನವಾಗಿ ಓದಿದ ಧ್ವನಿಮುದ್ರಣವನ್ನೂ ಕಳಿಸಿ. ‘ಳ’ಕ್ಕೂ ಗುರುತು ಹಾಕಿ. ರೆಕಾರ್ಡಿಂಗ್‌ಗೆ ಕನ್ನಡ ಬಲ್ಲವರೊಬ್ಬರು ಇರಲೇಬೇಕು, ಮಿಕ್ಸಿಂಗ್ ಆದ ಮೇಲೆ ತಿದ್ದುವುದು ಕಷ್ಟ.

ಉತ್ತರ 3
ಆ ಷರತ್ತನ್ನು ತೆಗೆಸಿ. 2012ರ ತಿದ್ದುಪಡಿಯ ನಂತರ ಕೃತಿಸ್ವಾಮ್ಯ ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ, ಚಿತ್ರಮಂದಿರದ ಪ್ರದರ್ಶನ ಬಿಟ್ಟು ಬೇರೆ ಬಳಕೆಗಳ ರಾಯಲ್ಟಿಯಲ್ಲಿ ಗೀತರಚನಕಾರರಿಗೆ ಸಮಪಾಲು ಉಂಟು. ಅದನ್ನು ವಾರಸುದಾರರಿಗೆ ಅಥವಾ ಕೃತಿಸ್ವಾಮ್ಯ ಸಂಘಕ್ಕೆ ಮಾತ್ರ ಕೊಡಬಹುದು. ನಿರ್ಮಾಪಕರಿಗೆ ಬರೆದುಕೊಟ್ಟರೂ ಆ ಒಪ್ಪಂದ ನಿಲ್ಲುವುದಿಲ್ಲ. ಕಾಯ್ದೆಯಲ್ಲಿ ‘ಸಿನಿಮಾ’ ಎಂದರೆ ದೃಶ್ಯ ಮುದ್ರಣ, ಧಾರಾವಾಹಿಯೂ ಸೇರುತ್ತದೆ. ಕರಾರಿನಲ್ಲಿ ಹಕ್ಕು ವರ್ಗಾವಣೆಯ ಅವಧಿ ಬರೆಯದಿದ್ದರೆ 5 ವರ್ಷ, ವ್ಯಾಪ್ತಿ ಬರೆಯದಿದ್ದರೆ ಭಾರತ ಮಾತ್ರ ಎಂದು 19ನೇ ಸೆಕ್ಷನ್ ಹೇಳುತ್ತದೆ. ಗೀತರಚನಕಾರರ ಪರವಾಗಿ ರಾಯಲ್ಟಿ ಸಂಗ್ರಹಿಸುವ ಕೃತಿಸ್ವಾಮ್ಯ ಸಂಘ ಐಪಿಆರ್‌ಎಸ್‌ನ ಸದಸ್ಯತ್ವ ಪಡೆದು, ಗೀತೆ ಪ್ರಸಾರವಾಗುವ ಮೊದಲೇ ನೋಂದಾಯಿಸಿ.